ಬಾಣಂತಿಯನ್ನು ಕರೆಯಲು ಹೋದದ್ದು

ಜನವರಿ ೪

ಮಿಲ್ಲಿನ ಮಾಲೀಕರು ಈ ವರ್ಷವೂ ಎಲ್ಲರಿಗೂ ಡೈರಿ ಹಂಚಿದರು. ಹಮಾಲರಿಗೆ ಡೈರಿ ಯಾಕೆ ಎಂದು ಆಫೀಸಿನಲ್ಲಿ ಯಾರೋ ನಕ್ಕರಂತೆ. ನಮ್ಮ ಗ್ಯಾಂಗಿನಲ್ಲಿ ಹತ್ತನೆಯ ತರಗತಿ ಪಾಸಾದವನು ನಾನೊಬ್ಬನೇ. ನಕ್ಕವರ ಮೇಲಿನ ಸಿಟ್ಟಿಗಾದರೂ ಬರೆಯುತ್ತೇನೆ.

ಸಿಟ್ಟಿಗೆ ಬೇರೆ ಕಾರಣಗಳೂ ಇವೆ. ಹೆಂಡತಿ ನೇತ್ರಾ ತವರಿಗೆ ಹೋಗಿ ಎರಡು ತಿಂಗಳಾಯಿತು. ಬಸುರಿಯನ್ನು ಏಳನೆಯ ತಿಂಗಳಲ್ಲಿ ಕರೆದೊಯ್ಯುವುದು ನಮ್ಮಲ್ಲಿ ಪದ್ಧತಿ. ಅತ್ತೆ ಶಿವಬಸವ್ವ ಆರು ತುಂಬುವ ಮೊದಲೇ ಹಿರೇಬೆಂಡಿಗೇರಿಯಿಂದ ಬಂದು ಕೂತರು. ಮಗಳಿಗೆ ಏದುಸಿರು ಬರುತ್ತದಂತೆ, ಕೊಡ ಎತ್ತಬಾರದಂತೆ, ಮೆಟ್ಟಿಲು ಹತ್ತಬಾರದಂತೆ. ಬಸುರಿಗೆ ಏದುಸಿರು ಬರದೆ ಇನ್ನಾರಿಗೆ ಬರಬೇಕು? ಭತ್ತದ ಚೀಲ ಹೊತ್ತು ಲಾರಿಯ ಹಲಗೆ ಏರುವಾಗ ನನಗೂ ಬರುತ್ತದೆ. ನನ್ನನ್ನು ಯಾರೂ ತವರಿಗೆ ಕರೆದುಕೊಂಡು ಹೋಗಲಿಲ್ಲ.

ಹಿರಿಯ ಮಗಳು ರಂಜನಾಳೂ ತಾಯಿಯ ಜೊತೆ ಹೋಗಿದ್ದಾಳೆ. ಮನೆಯಲ್ಲಿ ನಾನು ಮತ್ತು ಅವ್ವ. ಅವ್ವನ ಬಾಯಲ್ಲಿ ಒಂದೇ ಮಾತು, ಈ ಸಲ ಗಂಡು.

ಜನವರಿ ೨೦

ನಿನ್ನೆ ಮಧ್ಯಾಹ್ನ ಲಾರಿ ತುಂಬುತ್ತಿದ್ದಾಗ ಫೋನು ಬಂತು. ಎಂಟನೆಯ ತಿಂಗಳಲ್ಲೇ ನೇತ್ರಾಳಿಗೆ ಉಸಿರು ಸಿಕ್ಕಿಹಾಕಿಕೊಂಡಂತಾಗಿ ಶಿಗ್ಗಾಂವಿಗೆ ಒಯ್ದರಂತೆ. ಅಲ್ಲಿಯವರು ತಡಮಾಡದೆ ಆಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರಂತೆ. ನಾನು ಮೈಮೇಲಿನ ತೌಡಿನ ಧೂಳನ್ನೂ ಕೊಡವದೆ ಬಸ್ಸು ಹತ್ತಿದೆ.

ಮುಟ್ಟುವಷ್ಟರಲ್ಲಿ ಹೆರಿಗೆಯಾಗಿತ್ತು. ಹೆಣ್ಣು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ. ನೇತ್ರಾಳ ಮೂಗಿಗೆ ನಳಿಕೆ. ಬಾಣಂತಿ ಮಲಗಬೇಕಲ್ಲ, ಅವಳು ದಿಂಬಿಗೆ ಒರಗಿ ಕೂತೇ ಇದ್ದಳು. ಮಲಗಿದರೆ ನೀರಲ್ಲಿ ಮುಳುಗಿದ ಹಾಗಾಗುತ್ತದೆ ಎಂದು ಅತ್ತೆ ಬಾಗಿಲ ಮರೆಯಿಂದ ಹೇಳಿದರು. ನನ್ನೆದುರು ನಿಂತು ಅವರು ಮಾತಾಡುವುದಿಲ್ಲ. ಸೆರಗು ಮುಂದಕ್ಕೆಳೆದುಕೊಂಡು ಗೋಡೆಗೆ ಹೇಳಿದಂತೆ ಹೇಳುತ್ತಾರೆ.

ಚಿಕ್ಕವಳಿದ್ದಾಗ ಬಂದ ಜ್ವರದಿಂದ ಎದೆಯೊಳಗಿನ ಒಂದು ಕವಾಟ ಕಿರಿದಾಗಿದೆಯಂತೆ. ಡಾಕ್ಟರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಹೆದರಿದ್ದೆ. ಮಿಲ್ಲಿನಲ್ಲಿ ಯಾರಿಗೂ ಇದನ್ನು ಹೇಳುವುದಿಲ್ಲ.

ಜನವರಿ ೩೧

ಇವತ್ತು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ತಾಯಿ ಮಗು ಇಬ್ಬರೂ ಗೆದ್ದರು, ದೇವರು ದೊಡ್ಡವನು.

ಬೆಳಿಗ್ಗೆ ನೇತ್ರಾ ಫೋನು ಮಾಡಿ, ದೊಡ್ಡ ಡಾಕ್ಟರು ನಿಮ್ಮ ಜೊತೆ ಮಾತಾಡಬೇಕಂತೆ, ಬಂದು ಹೋಗಿರಿ ಎಂದಳು. ಸುಗ್ಗಿಯ ಕಾಲ. ಮೂರು ಲಾರಿ ಸಾಲಾಗಿ ನಿಂತಿದ್ದವು. ಸಹಿ ಬೇಕಾದರೆ ನಿಮ್ಮವ್ವ ಹೆಬ್ಬೆಟ್ಟು ಒತ್ತಲಿ ಎಂದೆ. ಬಾಣಂತನದ ಡಾಕ್ಟರಿಗೆ ಗಂಡಸಿನ ಹತ್ತಿರ ಏನು ಮಾತು? ಅವಳು ಇನ್ನೊಂದು ಸಲ ಕೇಳಿದಳು, ಆಮೇಲೆ ಇಟ್ಟಳು.

ಹೆಣ್ಣು ಎಂದು ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. ಇವತ್ತು ತಾನಾಗಿಯೇ ಸಮಾಧಾನ ಮಾಡಿಕೊಂಡು, ಹೋಗಲಿ ಬಿಡು, ಮುಂದಿನ ಸಲ ಆದೀತು ಎಂದಳು.

ಮಾರ್ಚ್ ೩

ತೊಟ್ಟಿಲ ಕಾರ್ಯಕ್ಕೆ ಹಿರೇಬೆಂಡಿಗೇರಿಗೆ ಹೋಗಿದ್ದೆವು. ಕೂಸಿಗೆ ಕಿವಿಯಲ್ಲಿ ಏನೇನೋ ದೊಡ್ಡ ಹೆಸರು ಹೇಳಿದರು, ನಾವೆಲ್ಲ ಸಣ್ಣಾಕಿ ಎಂದೇ ಕರೆಯುತ್ತೇವೆ. ಗುಂಡಗಾಗಿದ್ದಾಳೆ.

ನೇತ್ರಾ ಇನ್ನೂ ಬಿಳಿಚಿಕೊಂಡಿದ್ದಾಳೆ. ಅವಳ ಹತ್ತಿರ ಎರಡು ಮಾತಾಡೋಣವೆಂದು ಒಳಕೋಣೆಗೆ ಹೋದೆ. ನಾನು ಕೂತು ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಅತ್ತೆ ಮೊರ ಹಿಡಿದುಕೊಂಡು ಬಂದು ಅಲ್ಲೇ ಮೂಲೆಯಲ್ಲಿ ಅಕ್ಕಿ ಆರಿಸಲು ಕೂತರು. ಅಕ್ಕಿ ಆರಿಸಿದ್ದೇ ಆರಿಸಿದ್ದು. ನಾನು ಅಕ್ಕಿಆಲೂರಿನ ಮಿಲ್ಲಿನಿಂದ ತಂದುಕೊಟ್ಟ ಅಕ್ಕಿ, ಅದರಲ್ಲಿ ಒಂದು ಕಲ್ಲೂ ಇರುವುದಿಲ್ಲ.

ಜೂನ್ ೯

ಐದು ತಿಂಗಳಿಗೆ ಬಾಣಂತಿಯನ್ನು ಗಂಡನ ಮನೆಗೆ ಕಳಿಸಬೇಕು. ಎಲ್ಲರ ಮನೆಯಲ್ಲೂ ನಡೆಯುವ ಮಾತು. ಅವ್ವನನ್ನು ಕರೆದುಕೊಂಡು, ಹೊಸ ಸೀರೆ, ಕುಪ್ಪಸ, ಕೂಸಿಗೆ ಕುಲಾವಿ ಹಿಡಿದುಕೊಂಡು ಹೋದೆ. ಹಾನಗಲ್ಲಿನಲ್ಲಿ ಒಂದು ಬಸ್ಸು, ಶಿಗ್ಗಾಂವಿಯಲ್ಲಿ ಇನ್ನೊಂದು. ಅತ್ತೆ ಹೋಳಿಗೆ ಊಟ ಹಾಕಿದರು, ಅವ್ವನಿಗೆ ಉಡಿ ತುಂಬಿದರು. ಹೊರಡುವ ಹೊತ್ತಿಗೆ ಕೂಸಿಗೆ ಕೆಮ್ಮು ಎಂದರು.

ಕೂಸು ಕೆಮ್ಮಿದ್ದನ್ನು ನಾನಂತೂ ಕೇಳಲಿಲ್ಲ.

ಜೂನ್ ೨೩

ಮತ್ತೆ ಹೋದೆ. ಈ ಸಲ ಆಷಾಢ ಹತ್ತಿರ ಬಂತಂತೆ. ಆಷಾಢದಲ್ಲಿ ಹೊಸ ಮದುಮಗಳನ್ನು ಗಂಡನ ಮನೆಯಲ್ಲಿ ಬಿಡುವುದಿಲ್ಲ, ಸರಿ. ಎರಡು ಮಕ್ಕಳ ತಾಯಿಗೆ ಎಂಥ ಆಷಾಢ? ಹಾಗೆಂದು ಕೇಳಿದೆ. ಅತ್ತೆ ಬಾಗಿಲ ಹಿಂದಿನಿಂದ ಒಳಗೆ ಸರಿದರು. ನೇತ್ರಾಳನ್ನು ಕೇಳಿದೆ. ನಮ್ಮವ್ವ ಹೇಳಿದಂತೆ ಎಂದಳು. ತಲೆ ಎತ್ತಲಿಲ್ಲ.

ಬರಿಗೈಯಲ್ಲಿ ಬಂದದ್ದನ್ನು ಓಣಿಯವರೆಲ್ಲ ನೋಡಿದರು. ನನ್ನ ಹೆಂಡತಿಯನ್ನು ನನಗೆ ಕಳಿಸಲು ಇವರ ಗಂಟೇನು ಹೋಗುತ್ತದೆ? ಕೂಸಿಗೆ ಬೆಳ್ಳಿ ಉಡದಾರ ಹಾಕಿ ಕಳಿಸಬೇಕಲ್ಲ, ಅದಕ್ಕೆ ಮುಖವಿಲ್ಲದೆ ನೆವ ಹೇಳುತ್ತಿದ್ದಾರೆ ಎಂದು ಅವ್ವನ ಲೆಕ್ಕ. ನನಗೂ ಹಾಗೇ ಅನ್ನಿಸುತ್ತದೆ. ಬರುವ ಭಾನುವಾರವಲ್ಲದಿದ್ದರೆ ಅದರಾಚೆಯ ಭಾನುವಾರ ಹಿರಿಯರನ್ನು ಕೂಡಿಸುತ್ತೇನೆ.

ಜುಲೈ ೭

ಹಿರಿಯರನ್ನು ಕೂಡಿಸಿದೆ. ನನ್ನ ಸೋದರಮಾವ ಉಳಿವೆಪ್ಪ, ಅವರ ಜೊತೆ ನಮ್ಮೂರಿನ ಇಬ್ಬರು, ಅತ್ತೆಯ ಕಡೆಯಿಂದ ಮೂವರು. ಅತ್ತೆಯ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿದ್ದರು. ಮಾವ ಮೊದಲೇ ದೊಡ್ಡಸ್ತಿಕೆ ತೋರಿಸಿದರು. ಉಡದಾರ ಬೇಡ, ತೊಟ್ಟಿಲು ಬೇಡ, ಏನೂ ಬೇಡ, ಹುಡುಗಿಯನ್ನು ಕಳಿಸಿದರೆ ಸಾಕು ಎಂದರು. ಅತ್ತೆ ಒಳಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಕಳಿಸುವುದಿಲ್ಲ ಎಂದರು. ಯಾಕೆ ಎಂದರೂ ಅದೇ. ಕಳಿಸುವುದಿಲ್ಲ, ಅಷ್ಟೆ.

ನನಗೆ ರಕ್ತ ತಲೆಗೇರಿತು. ಹಾಗಿದ್ದರೆ ನಾನು ಬೇರೆ ದಾರಿ ನೋಡಿಕೊಳ್ಳಬೇಕಾಗುತ್ತದೆ ಎಂದೆ. ಬೇರೆ ದಾರಿ ಎಂದರೇನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು.

ಆಗ ನೇತ್ರಾ ಹೊರಗೆ ಬಂದಳು. ಅಷ್ಟು ಗಂಡಸರ ನಡುವೆ, ಸಣ್ಣಾಕಿಯನ್ನು ಹೆಗಲಿಗೆ ಹಾಕಿಕೊಂಡು. ನನ್ನನ್ನು ನೋಡಲಿಲ್ಲ, ಮಾವನನ್ನು ನೋಡಿ ಹೇಳಿದಳು. ಅವಳ ಮಾತನ್ನು ಅವಳು ಆಡಿದಂತೆಯೇ ಬರೆಯುತ್ತೇನೆ.

"ದವಾಖಾನಿಯಿಂದ ಬಿಡೂ ದಿನ ಡಾಕ್ಟರು ಇವರನ್ನ ಕರಿಸಿದ್ರು. ಇವರು ಬರಲಿಲ್ಲ. ಅದಕ್ಕ ನಮ್ಮವ್ವಗ ಹೇಳಿದ್ರು. ಇನ್ನೊಂದ ಬಸಿರ ನಿಂತ್ರ ನಾ ಉಳಿಯೂದಿಲ್ಲಂತ. ನನಗ ಆಪರೇಸನ್ ಮಾಡಾಕೂ ಎದಿ ತಾಳೂದಿಲ್ಲಂತ. ಮಾಡಿಸ್ಕೊಂಡ್ರ ಇವರ ಮಾಡಿಸ್ಕೋಬೇಕು. ಅಳಿಯಗ ಈ ಮಾತ ನಮ್ಮವ್ವ ಯಾವ ಬಾಯಿಲೆ ಹೇಳಬೇಕ್ರಿ?"

ಉಸಿರು ಸಾಲದೆ ಅಲ್ಲಿಗೆ ನಿಂತಳು. ಎಲ್ಲರೂ ಕಾದರು. ಆಮೇಲೆ ಮೆಲ್ಲಗೆ ಹೇಳಿದಳು: "ನನಗ ಈ ಎರಡ ಹುಡುಗೂರನ್ನ ದೊಡ್ಡವರ ಮಾಡೂದೈತಿ. ಹಂಗ ಆಗೂದಿಲ್ಲಂದ್ರ ಇವರು ಬೇರೆ ದಾರೀನ ನೋಡ್ಕೊಳ್ಳಲಿ."

ಹಿರಿಯರು ಚಾಪೆಯ ಎಳೆ ಕೀಳುತ್ತ ಕೂತರು. ಮಾವ ಎಲೆ ಅಡಿಕೆ ಕೇಳಿದರು. ಬಸ್ಸಿನಲ್ಲಿ ನಾನು ಒಬ್ಬನೇ ಹಿಂದಿನ ಸೀಟಿನಲ್ಲಿ ಕೂತೆ.

ಜುಲೈ ೮

ಮಿಲ್ಲಿಗೆ ಹೋದೆ. ಬಂದೆ.

ಜುಲೈ ೯

ಹೋಗಲಿಲ್ಲ.

ಜುಲೈ ೧೬

ಹುಬ್ಬಳ್ಳಿಗೆ ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ಅಂದು ನನ್ನನ್ನು ಕರೆಸಿದ್ದ ಡಾಕ್ಟರಮ್ಮ ನನಗಿಂತ ಚಿಕ್ಕವರು. ನೇತ್ರಾಳ ಗಂಡ ಎಂದೊಡನೆ ನೆನಪು ಮಾಡಿಕೊಂಡು, ಈಗ ಬಂದಿರಾ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ತಿಳಿದಷ್ಟನ್ನೆಲ್ಲ ಕೇಳಿದೆ. ಗುಳಿಗೆ ಇಲ್ಲವೇ? ಅವಳ ಎದೆಗೆ ಕೆಲವು ಗುಳಿಗೆ ಆಗಿಬರುವುದಿಲ್ಲ, ಉಳಿದ ಉಪಾಯಗಳಲ್ಲಿ ಒಂದು ತಪ್ಪಿದರೂ ತಪ್ಪು ಅವಳ ಜೀವಕ್ಕೆ ಬರುತ್ತದೆ ಎಂದರು. ಕವಾಟ ಅಗಲ ಮಾಡುವ ಚಿಕಿತ್ಸೆಗೆ ಹೆಸರು ಬರೆಸಿದ್ದಾರೆ, ಸರದಿ ಬರಬೇಕು. ಅದಾದ ಮೇಲೂ ಬಸಿರು ಬೇಡವೇ ಬೇಡ ಎಂದರು. ಕೊನೆಗೆ ನಾನು ಕೇಳಬಾರದ್ದನ್ನು ಕೇಳಿದೆ. ನಾನು ಹಮಾಲ, ಆಮೇಲೆ ಚೀಲ ಎತ್ತಲು ಆಗುತ್ತದೆಯೇ? ಚೀಲ ಎತ್ತುವುದು ಬೆನ್ನು ಮತ್ತು ಮೊಣಕಾಲು, ಅವಕ್ಕೆ ನಾವು ಕೈ ಹಚ್ಚುವುದಿಲ್ಲ ಎಂದರು. ಪಕ್ಕದಲ್ಲಿದ್ದ ನರ್ಸು ನಗು ತಡೆದುಕೊಂಡು ಕಿಟಕಿಯ ಕಡೆ ತಿರುಗಿದಳು.

ಅವರಿಗೆ ಹೇಳುವುದು ಸುಲಭ. ನಮ್ಮ ಗ್ಯಾಂಗಿನಲ್ಲಿ ನನ್ನ ಮರ್ಯಾದೆ ಇರುವುದೇ ಬೆನ್ನಿನ ಮೇಲೆ. ಆಪರೇಷನ್ ಮಾಡಿಸಿಕೊಂಡ ಗಂಡಸು ಅರ್ಧ ಚೀಲಕ್ಕೆ ಕೂತುಬಿಡುತ್ತಾನೆ ಎಂದು ನಾನೇ ಎಷ್ಟು ಜನರೆದುರು ಹೇಳಿಲ್ಲ.

ಜುಲೈ ೨೧

ಅವ್ವನಿಗೆ ಹೇಳಿದೆ. ಕವಾಟ ಎಂದರೆ ಅವಳಿಗೆ ತಿಳಿಯಲಿಲ್ಲ. ಮಿಲ್ಲಿನಲ್ಲಿ ಭತ್ತ ಸುರಿಯುವ ಡಬ್ಬಿಯ ಬಾಯಿ ಕಟ್ಟಿದರೆ ಹಿಂದಿನದು ಹಿಂದೆಯೇ ತುಂಬಿ ಬೆಲ್ಟು ಹರಿಯುತ್ತದಲ್ಲ, ಅವಳ ಎದೆಯೂ ಹಾಗೆ, ಬಸುರಾದರೆ ಇನ್ನಷ್ಟು ಸುರಿದ ಹಾಗೆ ಎಂದೆ. ಇದನ್ನು ಹೇಳುವಾಗಲೇ ನನಗೂ ಅದು ಸರಿಯಾಗಿ ಅರ್ಥವಾಯಿತು ಅನ್ನಿಸುತ್ತದೆ.

"ಊರಾನ ಹೆಂಗಸರೆಲ್ಲ ಮಾಡಿಸ್ಕೊಂಡಾರ, ಆಕಿಗೊಬ್ಬಾಕಿಗ ಆಗೂದಿಲ್ಲೇನ?" ಎಂದಳು ಅವ್ವ. ಆಗುವುದಿಲ್ಲ ಎಂದೆ. ಹಾಗಾದರೆ ಗಂಡು ಎಲ್ಲಿಂದ ಬರಬೇಕು ಎಂದಳು. ಬರುವುದಿಲ್ಲ ಎಂದೆ. ಅವ್ವ ಒಲೆ ಆರಿಸಿ ಹೊರಗೆ ಹೋಗಿ ಕೂತಳು. ನಾನೇ ಅನ್ನ ಮಾಡಿದೆ. ತಳ ಹಿಡಿಯಿತು.

ಜುಲೈ ೨೫

ನಿಯಾಜನಿಗೆ ಹೇಳಿದೆ. ಇಷ್ಟು ವರ್ಷ ನನ್ನ ಬೆನ್ನಿಗೆ ಚೀಲ ಎತ್ತಿಕೊಟ್ಟವನು ಅವನೇ, ಅವನ ಬೆನ್ನಿಗೆ ನಾನು. ಬೀಡಿ ಸೇದುವುದನ್ನು ಬಿಟ್ಟು ಕೇಳಿದ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದೆ.

"ನನಗ ಕೇಳಬ್ಯಾಡ ಗುದ್ಲೆಪ್ಪಣ್ಣ. ನನಗ ಅಂಜಿಕಿ ಬರ್ತೈತಿ," ಎಂದ.

ಖರೆ ಹೇಳಿದ್ದಕ್ಕೆ ಖುಷಿಯಾಯಿತು. ನನಗೂ ಅಂಜಿಕೆ ಎಂದು ನಾನು ಹೇಳಲಿಲ್ಲ, ಅವನಿಗೆ ಗೊತ್ತಾಗಿರಬೇಕು.

ಸಂಜೆ ನಮ್ಮ ಓಣಿಯ ಆಶಾ ಕಾರ್ಯಕರ್ತೆ ನಸೀರಾ ಅವರ ಮನೆಗೆ ಹೋದೆ. ಆಪರೇಷನ್ನಿನ ಮಾತೆತ್ತಿದೊಡನೆ ಯಾವ ಹೆಂಗಸಿನ ವಿಷಯ ಎಂದು ಕೇಳಿದರು. ನನ್ನದೇ ಎಂದೆ. ಪಾಪ, ಅವರು ಎದ್ದು ಹೋಗಿ ಚಹಾಕ್ಕಿಟ್ಟರು.

ಆಗಸ್ಟ್ ೬

ಹಾನಗಲ್ಲಿನ ಆಸ್ಪತ್ರೆಯಲ್ಲಿ ಇವತ್ತು ಆಪರೇಷನ್ ದಿನ. ಉದ್ದನೆಯ ಪಡಸಾಲೆಯ ತುಂಬ ಹೆಂಗಸರು. ಆಪರೇಷನ್ ಆದವರನ್ನು ಸಾಲಾಗಿ ಮಲಗಿಸಿದ್ದರು, ತಲೆಯ ಹತ್ತಿರ ಅವರವರ ತಾಯಂದಿರು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗಿನಿಂದ ಗಾಳಿ ಬೀಸುತ್ತಿದ್ದರು. ಗಂಡಂದಿರು ಗೇಟಿನ ಹೊರಗೆ ಚಹಾದಂಗಡಿಯಲ್ಲಿದ್ದರು. ಒಳಗಿನ ಬೆಂಚಿನ ಮೇಲೆ ಗಂಡಸೆಂದರೆ ನಾನೊಬ್ಬ.

ಪಕ್ಕದ ಮುದುಕಿ, ನಿಮ್ಮ ಮನೆಯವರು ಒಳಗಿದ್ದಾರೇನು ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಅಷ್ಟರಲ್ಲಿ ನರ್ಸು ಬಾಗಿಲು ತೆಗೆದು ನನ್ನ ಹೆಸರನ್ನೇ ಕೂಗಿದಳು. ಎಲ್ಲರ ಕಣ್ಣು ನನ್ನ ಮೇಲೆ. ಆ ನಾಲ್ಕು ಮಾರು ಲಾರಿಯ ಹಲಗೆಗಿಂತ ಉದ್ದವಾಗಿತ್ತು. ಮುದುಕಿ ಕಾಲು ಮಡಚಿ ದಾರಿ ಬಿಟ್ಟಳು.

ಒಳಗಿನದು ನಾನು ಹೆದರಿದಷ್ಟೇನೂ ಇರಲಿಲ್ಲ. ಸೂಜಿ ಚುಚ್ಚಿದ್ದು ತಿಳಿಯಿತು, ಉಳಿದದ್ದು ಎಳೆದಂತಾಯಿತು ಅಷ್ಟೆ. ಡಾಕ್ಟರು ಭತ್ತದ ಬೆಳೆ ಹೇಗಿದೆ ಎಂದು ಕೇಳುತ್ತಲೇ ಮುಗಿಸಿದರು. ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತೆ. ಮುದುಕಿ ಯಾಕಪ್ಪಾ ಎಂದಳು. ಹೆಂಡತಿಯ ಎದೆ ಸರಿಯಿಲ್ಲ ಎಂದೆ. ಅವಳು ತನ್ನ ಬಟ್ಟೆಯ ಗಂಟನ್ನು ನನ್ನ ಬೆನ್ನಿಗೆ ಕೊಟ್ಟಳು. ಅದರ ಮೇಲೆ ಒರಗಿ ಕೂತೆ, ಆ ಬಾಣಂತಿಯರ ಸಾಲಿನಲ್ಲಿ.

ಹೊರಡುವಾಗ ನರ್ಸು ಮತ್ತೆ ಮತ್ತೆ ಒಂದು ಮಾತು ಹೇಳಿದಳು. ಇವತ್ತು ಮಾಡಿಸಿಕೊಂಡರೆ ಇವತ್ತಿನಿಂದಲೇ ನಿರಾಳ ಎಂದು ತಿಳಿಯಬೇಡಿ. ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಮೊದಲಿನಂತೆಯೇ ಬಸಿರು ನಿಲ್ಲಬಹುದು. "ಇದನ್ನ ಮರೀತಾರ್ರಿ. ಮರತು ಮತ್ತ ಹೆಂಡ್ತೀನ ಕರಕೊಂಡು ಇಲ್ಲೇ ಬರ್ತಾರ," ಎಂದಳು.

ಆಗಸ್ಟ್ ೭

ನೋವು. ಅಂಗಾತ ಮಲಗಿದ್ದೇನೆ. ಅವ್ವ ಬಾಗಿಲ ಹತ್ತಿರ ಗಂಜಿಯ ಬಟ್ಟಲು ಇಟ್ಟು ಹೋದಳು. ಗಂಜಿಗೆ ತುಪ್ಪ ಹಾಕಿದ್ದಳು.

ಆಗಸ್ಟ್ ೧೯

ಮಿಲ್ಲಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಒಬ್ಬ ನನ್ನನ್ನು ಅಕ್ಕಾ ಎಂದು ಕರೆದ, ಉಳಿದವರು ನಕ್ಕರು. ನಾನಾಗಿದ್ದರೂ ನಗುತ್ತಿದ್ದೆ. ನಿಯಾಜ ಸದ್ದಿಲ್ಲದೆ ತೌಡಿನ ಚೀಲ ಎತ್ತಿಕೊಡಲು ಬಂದ, ಅದು ಹಗುರ. ಅವನ ಮೇಲೆ ಸಿಟ್ಟು ಮಾಡಿ ಭತ್ತದ ಚೀಲ ಕೊಡು ಎಂದೆ. ಕೊಟ್ಟ. ಹಲಗೆ ಏರಿದೆ, ಇಳಿಸಿದೆ, ಇನ್ನೊಂದಕ್ಕೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಲಾರಿ ತುಂಬಿತು, ಎಲ್ಲರೂ ಬುತ್ತಿ ಬಿಚ್ಚಿದರು.

ಪಂಚಮಿ ಮುಗಿದಿದೆ. ಹಿರೇಬೆಂಡಿಗೇರಿಗೆ ನಾನಾಗಿ ಏನೂ ಹೇಳಿಕಳಿಸಿಲ್ಲ.

ಆಗಸ್ಟ್ ೨೮

ನಸೀರಾ ಅವರು ಹಿರೇಬೆಂಡಿಗೇರಿಯ ಆಶಾ ಕಾರ್ಯಕರ್ತೆಯ ಮೂಲಕ ತಿಳಿಸಿರಬೇಕು. ಅತ್ತೆಯೇ ಫೋನು ಮಾಡಿಸಿ, ಭಾನುವಾರ ಬಂದು ಕರೆದುಕೊಂಡು ಹೋಗಬೇಕಂತೆ ಎಂದು ಪಕ್ಕದ ಮನೆಯವರಿಂದ ಹೇಳಿಸಿದರು. ಅವ್ವ ಕೇಳಿಸಿಕೊಂಡಳು. ಸಂಜೆ ನೋಡಿದರೆ ತೊಟ್ಟಿಲ ಹಗ್ಗ ತೊಳೆದು ಒಣಗಹಾಕಿದ್ದಳು.

ಸೆಪ್ಟೆಂಬರ್ ೧

ಹೋಗಿ ಬಂದೆ. ಕೈ ಸೋಲುವವರೆಗೂ ಬರೆಯಬೇಕು ಅನ್ನಿಸುತ್ತಿದೆ.

ಎಲ್ಲ ತಯಾರಾಗಿತ್ತು. ನೇತ್ರಾ ಹಸಿರು ಸೀರೆ ಉಟ್ಟು, ಹೊಸ ಬಳೆ ತೊಟ್ಟು ಕೂತಿದ್ದಳು. ರಂಜನಾ ಬೆಳಗಿನಿಂದಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳಂತೆ. ರೊಟ್ಟಿ, ಉಂಡಿ, ಕೂಸಿನ ಬಟ್ಟೆ ಎಲ್ಲ ಗಂಟು ಕಟ್ಟಿಟ್ಟಿದ್ದರು. ಅತ್ತೆ ಬಾಗಿಲ ಹಿಂದೆ ಇರಲಿಲ್ಲ. ಸೆರಗು ಹೊದ್ದುಕೊಂಡೇ, ಆದರೆ ನನ್ನೆದುರಿಗೇ ಕೂತು ಬಡಿಸಿದರು.

ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿದ್ದೆ. ಕರೆದುಕೊಂಡು ಬಂದು ದೂರ ಮಲಗಿದರಾಯಿತು, ಯಾರು ನೋಡುತ್ತಾರೆ? ನಮ್ಮದು ಒಂದೇ ಕೋಣೆಯ ಮನೆ. ಹತ್ತು ತಿಂಗಳಾಯಿತು ಅವಳನ್ನು ಬಿಟ್ಟಿದ್ದು. ಉಂಡು ಕೈ ತೊಳೆದು ಹೇಳಿದೆ.

"ಈಗ ಬ್ಯಾಡ್ರಿ ಅತ್ತಿ. ಪರೀಕ್ಷಾ ಆಗಲಿ, ನವೆಂಬರದಾಗ ಬರ್ತೇನಿ. ಅಲ್ಲೀತನಕ ನನ್ನನ್ನ ನಾ ನಂಬೂದಿಲ್ಲ."

ಎರಡು ಸಲ ಕರೆಯಲು ಬಂದು, ಮೂರನೆಯ ಸಲ ಹಿರಿಯರನ್ನು ಕೂಡಿಸಿದವನು ನಾನೇ. ಅತ್ತೆ ಗಂಟನ್ನು ಮುಂದಕ್ಕೆಳೆದುಕೊಂಡರು. ಆಮೇಲೆ ಅದನ್ನು ಬಿಚ್ಚಿ, ಉಂಡಿಗಳನ್ನಷ್ಟೇ ತೆಗೆದು ನನ್ನ ಚೀಲಕ್ಕೆ ಹಾಕಿ, ನಿಮ್ಮವ್ವಗ ಕೊಡ್ರಿ ಎಂದರು. ರಂಜನಾ ಚಪ್ಪಲಿ ಬಿಚ್ಚುವುದಿಲ್ಲ ಎಂದು ಅತ್ತಳು.

ನೇತ್ರಾ ಬಸ್ಸಿನವರೆಗೆ ಬರುತ್ತೇನೆ ಎಂದಳು. ಬೇಡ ಎಂದರೂ ಬಂದಳು. ದಾರಿಯಲ್ಲಿ ಉಸಿರು ತೆಗೆದುಕೊಳ್ಳಲು ಆಗಾಗ ನಿಲ್ಲುತ್ತಿದ್ದಳು. ಅವಳು ನಿಂತಲ್ಲಿ ನಾನೂ ನಿಂತೆ. ಕವಾಟದ ಚಿಕಿತ್ಸೆಗೆ ಸರದಿ ಇನ್ನೂ ಬಂದಿಲ್ಲವಂತೆ. ನವೆಂಬರಿನೊಳಗೆ ಬಂದರೆ ನಾನೇ ಜೊತೆಗೆ ಹೋಗುತ್ತೇನೆ ಎಂದೆ. ಬಸ್ಸು ಕಾಣಿಸಿದಾಗ ಅವಳು ಮೆಲ್ಲಗೆ, "ಭಾಳ ನೂಸಿತ್ತೇನ್ರಿ?" ಎಂದು ಕೇಳಿದಳು. ಇಲ್ಲ, ನೋವಾಗಲಿಲ್ಲ ಎಂದೆ. ನಂಬಿದಳೋ ಇಲ್ಲವೋ.

ಶಿಗ್ಗಾಂವಿ ಬರುವವರೆಗೂ ಆ ಮಾತು ಕಿವಿಯಲ್ಲೇ ಇತ್ತು. ಒಂದು ಸೂಜಿ, ಒಂದು ವಾರದ ನೋವು. ಅದನ್ನು ಅವಳು ಕೇಳಿದಳು. ರಂಜನಾ ಹುಟ್ಟಿದಾಗ, ಸಣ್ಣಾಕಿ ಹುಟ್ಟಿದಾಗ, ಆ ಹಾಸಿಗೆಯ ಮೇಲೆ ಕೂತೇ ಉಸಿರಾಡುತ್ತಿದ್ದಾಗ ನಾನು ಅವಳನ್ನು ಏನು ಕೇಳಿದ್ದೆ ಎಂದು ನೆನಪು ಮಾಡಿಕೊಂಡೆ. ಊಟ ಆಯಿತೇ ಎಂದು ಕೇಳಿದ್ದೆ. ಯಾವಾಗ ಬಿಡುತ್ತಾರೆ ಎಂದು ಕೇಳಿದ್ದೆ.

ಮನೆಗೆ ಬಂದವನೇ ಫೋನು ಹಚ್ಚಿದೆ. ಮುಟ್ಟಿದಿರಾ ಎಂದಳು. ಮುಟ್ಟಿದೆ ಎಂದೆ. ಆಮೇಲೆ ಕೇಳಿದೆ, "ನಿನಗ ಭಾಳ ತ್ರಾಸ ಆಗಿತ್ತೇನ, ನೇತ್ರಾ?"

ಆ ಕಡೆ ಕೂಸು ಅಳುವುದು ಕೇಳಿಸುತ್ತಿತ್ತು, ಯಾರೋ ಅದನ್ನು ಎತ್ತಿಕೊಂಡು ಆಚೆ ಹೋದರು. ಆಮೇಲೆ ಅವಳು ಹೇಳತೊಡಗಿದಳು.